ಗೇರುಬೀಜದ ಎಣ್ಣೆ ಒಳ್ಳೆಯದೇ, ಆದರೆ ಡಬ್ಬಿಯ ಮೇಲೆ ಪೂರ್ತಿ ಬರೆಯಲಿ

ಮಾನ್ಯ ಸಂಪಾದಕರಿಗೆ,

ಮರಕ್ಕೆ ಗೆದ್ದಲು ಬಾರದಂತೆ ಮಾಡುವ ಮನೆಮದ್ದುಗಳ ಬಗ್ಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಬರಹ ಓದಿದೆ. ಬೇವಿನ ಸೊಪ್ಪು ಕುದಿಸಿ, ಸೋಸಿ, ಬಾಗಿಲಿಗೂ ಕಿಟಕಿಗೂ ಬೇಲಿಯ ಗೂಟಕ್ಕೂ ಹಚ್ಚಿ, ಇನ್ನು ರಾಸಾಯನಿಕದ ಚಿಂತೆ ಬೇಡ ಅಂತ ಅದರಲ್ಲಿತ್ತು. ನಾನು ಕುಂದಾಪುರ ತಾಲ್ಲೂಕಿನಲ್ಲಿ ಮರದ ಕೆಲಸ ಮಾಡುವವನು. ಹಳೆ ಹಂಚಿನ ಮನೆಗಳ ಮಾಡು, ಅಂದರೆ ಛಾವಣಿ, ರಿಪೇರಿಯೇ ನನಗೆ ಜಾಸ್ತಿ ಬರುವ ಕೆಲಸ. ನನ್ನ ತಂದೆ ದೋಣಿ ಕೆಲಸವನ್ನೂ ಮಾಡುತ್ತಿದ್ದರು. ಗೇರುಬೀಜದ ಸಿಪ್ಪೆಯ ಎಣ್ಣೆಯಂಥ, ಗಿಡಮರದಿಂದ ತೆಗೆದ ಮದ್ದನ್ನು ಮರಕ್ಕೆ ಹಚ್ಚುವುದು ನಮಗೆ ಹೊಸತಲ್ಲ. ನಾನು ಈಗಲೂ ಹಚ್ಚುತ್ತೇನೆ, ಅದರ ಪರವಾಗಿಯೇ ಇದ್ದೇನೆ. ಆದರೆ ಬಾಗಿಲಿಗೂ ಬೇಲಿ ಗೂಟಕ್ಕೂ ಒಂದೇ ಮದ್ದು ಅಂದದ್ದು ನನಗೆ ಸರಿ ಕಾಣಲಿಲ್ಲ. ಪೇಟೆಯಲ್ಲಿ ಬರುವ 'ನೈಸರ್ಗಿಕ' ಮದ್ದಿನ ಡಬ್ಬಿಗಳ ಬಗ್ಗೆಯೂ ಒಂದು ತಕರಾರು ಇದೆ.

ಸೊಪ್ಪಿನ ನೀರಿನ ವಿಷಯ ಮೊದಲು ಮುಗಿಸುತ್ತೇನೆ. ಬೇವಿನಲ್ಲಿ ಹುಳಕ್ಕೆ ಆಗದ ಮುಖ್ಯ ಅಂಶದ ಹೆಸರು ಅಜಾಡಿರಕ್ಟಿನ್. ಅದು ಜಾಸ್ತಿ ಇರುವುದು ಬೀಜದ ಒಳಗಿನ ತಿರುಳಿನಲ್ಲಿ, ಎಲೆಯಲ್ಲಿ ಅಲ್ಲ. ಬಿಸಿಲು ಬಿದ್ದರೆ ಬೇಗ ಹಾಳಾಗುತ್ತದೆ. ಬೇವಿನ ಕಷಾಯವನ್ನು ಬೆಳೆಗೆ ಸಿಂಪಡಿಸುವವರು ಸಂಜೆ ಹೊತ್ತು ಸಿಂಪಡಿಸುತ್ತಾರೆ, ಕೆಲವೇ ದಿನಗಳಲ್ಲಿ ಮತ್ತೆ ಸಿಂಪಡಿಸುತ್ತಾರೆ. ಅದು ಸುಮ್ನೆ ಅಲ್ಲ. ನೀರಿನಲ್ಲಿ ಬಂದದ್ದು ನೀರಿನಲ್ಲೇ ಹೋಗುತ್ತದೆ. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ. ಅಷ್ಟು ಮಳೆಗೆ ಸೊಪ್ಪಿನ ನೀರು ಎಷ್ಟು ದಿನ ನಿಂತೀತು? ಅದೂ ಅಲ್ಲದೆ, ಮರ ಒಣಗಿಸುವುದಕ್ಕೇ ತಿಂಗಳುಗಟ್ಟಲೆ ಕಾಯುವ ನಾವು ಅದಕ್ಕೆ ಬಕೆಟ್‌ನಲ್ಲಿ ನೀರು ಹಚ್ಚಬೇಕೇ?

ಮರಕ್ಕೆ ಬರುವ ಕಷ್ಟ ಒಂದೇ ಥರದ್ದಲ್ಲ. ನೆಲದಿಂದ ಮಣ್ಣಿನ ದಾರಿ ಕಟ್ಟಿಕೊಂಡು ಹತ್ತುವುದು ಗೆದ್ದಲು. ಒಳಗೇ ಕೂತು ಸಣ್ಣ ತೂತಿನಿಂದ ಹಿಟ್ಟು ಉದುರಿಸುವುದು ಕುಟ್ಟೆ. ನೀರು ತಾಗಿ ತಾಗಿ ಮರ ಮೆತ್ತಗಾಗಿ ಕುಂಬಾಗುವುದು ಹುಳದ ಕೆಲಸವೇ ಅಲ್ಲ, ಅದು ಅಣಬೆ ಜಾತಿಯ ಶಿಲೀಂಧ್ರದ್ದು. ಗಿರಾಕಿಗಳು ಮೂರಕ್ಕೂ 'ಹುಳ ಹಿಡಿದಿದೆ' ಅನ್ನುತ್ತಾರೆ. ನಾವು ಉಳಿಯಿಂದ ಕೆದಕಿ ನೋಡಿ ಯಾವುದು ಅಂತ ಹೇಳುತ್ತೇವೆ. ಸೋರುವ ಹಂಚಿನ ಕೆಳಗಿನ ಪಕಾಸು (ಮಾಡಿನ ಇಳಿಜಾರಿನ ಉದ್ದ ಮರ) ಕುಂಬಾಗಿದ್ದರೆ ಅದಕ್ಕೆ ಮದ್ದು ಹೊಸ ಹಂಚು. ಯಾವ ಎಣ್ಣೆಯೂ ಅಲ್ಲ.

ಕೆಲವು ಮರಕ್ಕೆ ನಾವೇನೂ ಹಚ್ಚಬೇಕಾಗಿಲ್ಲ. ಬೆಳೆಯುವಾಗಲೇ ಅದು ತನ್ನ ಕೆಚ್ಚಿನಲ್ಲಿ, ಅಂದರೆ ಒಳಗಿನ ಗಟ್ಟಿ ಭಾಗದಲ್ಲಿ, ಮದ್ದು ಕೂಡಿಟ್ಟುಕೊಂಡಿರುತ್ತದೆ. ಸಾಗುವಾನಿಯ ಕೆಚ್ಚಿನಲ್ಲಿ ಟೆಕ್ಟೋಕ್ವಿನೋನ್ ಅಂತ ಒಂದು ಅಂಶ ಇದೆ, ಗೆದ್ದಲಿಗೆ ಅದು ಆಗುವುದಿಲ್ಲ. ಹಲಸಿನ ಕೆಚ್ಚು ಹಳದಿ ಇರುವುದೂ ಇಂಥ ಅಂಶಗಳಿಂದಲೇ. ಬೌದ್ಧ ಭಿಕ್ಷುಗಳ ಬಟ್ಟೆಗೆ ಬಣ್ಣ ಹಾಕಲು ಹಲಸಿನ ಚಕ್ಕೆ ಕುದಿಸುತ್ತಿದ್ದರಂತೆ. ನಮ್ಮಲ್ಲಿ ಯಕ್ಷಗಾನದ ಮದ್ದಳೆಗೆ ಅದೇ ಮರ. ಮನೆಯ ಕಂಬಕ್ಕೂ ದಾರಂದಕ್ಕೂ ಅದೇ. ಆದರೆ ಈ ಮದ್ದು ಇರುವುದು ಕೆಚ್ಚಿನಲ್ಲಿ ಮಾತ್ರ, ಹೊರಗಿನ ಬಿಳಿ ಭಾಗದಲ್ಲಿ ಇಲ್ಲ. ಹಿಂದೆ ಬರುತ್ತಿದ್ದ ದಪ್ಪ ಸಾಗುವಾನಿಯಲ್ಲಿ ಬಿಳಿ ಭಾಗವನ್ನು ಕೆತ್ತಿ ತೆಗೆದು ಸೌದೆಗೆ ಹಾಕುತ್ತಿದ್ದೆವು. ಈಗ ತೋಟದಲ್ಲಿ ಬೆಳೆದ ಎಳೆಯ ಸಾಗುವಾನಿ ಬರುತ್ತದೆ. ಅದರಲ್ಲಿ ಬಿಳಿ ತೆಗೆದರೆ ಉಳಿಯುವುದೇ ಸ್ವಲ್ಪ. ಜೊತೆಗೆ ಅಕೇಶಿಯಾ, ಸಿಲ್ವರ್ ಓಕ್, ರಬ್ಬರ್, ಮಾವು. 'ಸಾಗುವಾನಿ ಬಾಗಿಲಿಗೆ ಹುಳ ಹೇಗೆ ಬಂತು' ಅಂತ ನಮ್ಮ ಮೇಲೆ ರೇಗುವವರು ಬಾಗಿಲಿನ ಅಂಚಿನ ಬಣ್ಣ ಒಮ್ಮೆ ನೋಡಬೇಕು. ಮದ್ದು ಬೇಕಾಗಿರುವುದು ಇಂಥ ಮರಕ್ಕೆ.

ಇನ್ನು ಗೇರುಬೀಜದ ಎಣ್ಣೆ. ತಿನ್ನುವ ಬೀಜದ ಎಣ್ಣೆ ಅಲ್ಲ, ಅದರ ಸಿಪ್ಪೆಯದು. ಗೇರುಬೀಜದ ಸಿಪ್ಪೆಯಲ್ಲಿ ಎರಡು ಗಟ್ಟಿ ಪದರ, ನಡುವೆ ಸಣ್ಣ ಸಣ್ಣ ಗೂಡು, ಆ ಗೂಡುಗಳಲ್ಲಿ ಕಂದು ಬಣ್ಣದ ದಪ್ಪ ಎಣ್ಣೆ. ಕಚ್ಚಾ ಬೀಜವನ್ನು ಹುಳ ಮುಟ್ಟದಿರುವುದು ಅದರಿಂದಲೇ. ಅದರಲ್ಲಿರುವುದು ಅನಾಕಾರ್ಡಿಕ್ ಆಮ್ಲ, ಕಾರ್ಡೋಲ್, ಕಾರ್ಡನಾಲ್. ಮಾವಿನ ಸೊನೆ ತಾಗಿದರೆ ಚರ್ಮ ಸುಡುತ್ತದಲ್ಲ, ಇದೂ ಹಾಗೆಯೇ. ಮಾವೂ ಗೇರೂ ಒಂದೇ ಕುಟುಂಬದ ಮರ. ಗೇರು ಮರವನ್ನು ಪೋರ್ಚುಗೀಸರು ಬ್ರೆಜಿಲ್‌ನಿಂದ ತಂದರು ಅನ್ನುತ್ತಾರೆ. ಎಣ್ಣೆಯನ್ನು ಪಕಾಸಿಗೆ ಹಚ್ಚಬಹುದು ಅಂತ ಮೊದಲು ಹೊಳೆದದ್ದು ಯಾರಿಗೋ ಗೊತ್ತಿಲ್ಲ, ಆದರೆ ಕರಾವಳಿಯ ಹಳೆ ಮನೆಗಳ ಮಾಡು ಬಿಚ್ಚಿದರೆ ಕಪ್ಪಗೆ ಹೊಳೆಯುವ ಪಕಾಸು, ಹಂಚು ಕೂರುವ ರೀಪು ಈಗಲೂ ಸಿಗುತ್ತವೆ. ಕೆಲವು ಕಡೆ ಆ ಕಪ್ಪು ಅಡುಗೆ ಮನೆಯ ಇಲ್ಲಣದ್ದು, ಹೊಗೆಯ ಮಸಿಯದ್ದು. ಹೊಗೆಯೂ ಒಂದು ಮದ್ದೇ. ಗ್ಯಾಸ್ ಒಲೆ ಬಂದ ಮೇಲೆ ಅಡುಗೆ ಮನೆ ಮಾಡಿಗೂ ಕುಟ್ಟೆ ಬರಲು ಶುರುವಾಯಿತು ಅಂತ ಹೇಳುವ ಅಜ್ಜಿಯರು ನಮ್ಮೂರಿನಲ್ಲಿದ್ದಾರೆ. ಅವರ ಮಾತು ತಳ್ಳಿಹಾಕುವಂಥದ್ದಲ್ಲ.

ನಾನು ಹಚ್ಚುವ ಕ್ರಮ ಹೇಳುತ್ತೇನೆ. ಮರ ಪೂರ್ತಿ ಒಣಗಿರಬೇಕು. ಹಸಿ ಮರಕ್ಕೆ ಹಚ್ಚಿದರೆ ಎಣ್ಣೆ ಒಳಗೆ ಹೋಗುವುದಿಲ್ಲ, ಒಳಗಿನ ನೀರು ಹೊರಗೆ ಬರುವುದಿಲ್ಲ, ಎರಡೂ ಕೆಟ್ಟದ್ದು. ಕೊಯ್ದು, ತೂತು ಕೊರೆದು, ಕೂಡಿಸುವ ಗಾಡಿ (ಉದ್ದ ಸೀಳು) ಕೆತ್ತಿ ಎಲ್ಲ ಆದ ಮೇಲೆ ಹಚ್ಚಬೇಕು. ಬ್ರಷ್‌ನಲ್ಲಿ ಹಚ್ಚಿದ್ದು ಒಂದೆರಡು ಮಿಲಿಮೀಟರ್ ಒಳಗೆ ಹೋದರೆ ಹೆಚ್ಚು. ಹಚ್ಚಿದ ಮೇಲೆ ಗರಗಸ ಆಡಿಸಿದರೆ ಹೊಸ ಬಾಯಿ ತೆರೆದ ಹಾಗೆ. ಪಕಾಸಿನ ತುದಿ ಎಣ್ಣೆಯನ್ನು ಎಲ್ಲಕ್ಕಿಂತ ಜಾಸ್ತಿ ಕುಡಿಯುತ್ತದೆ. ಅದನ್ನು ಡಬ್ಬಿಯಲ್ಲೇ ಅದ್ದಿ ನಿಲ್ಲಿಸಿದರೆ ಒಳ್ಳೆಯದು, ಗೋಡೆಯೊಳಗೆ ಹೋಗುವ ಭಾಗವಂತೂ ಅದ್ದಲೇಬೇಕು. ಎಣ್ಣೆ ದಪ್ಪ ಇದ್ದರೆ ಬಿಸಿಲಿನಲ್ಲಿಟ್ಟು ತೆಳು ಮಾಡಿಕೊಳ್ಳುತ್ತೇವೆ, ಕೆಲವರು ಟರ್ಪೆಂಟೈನ್ ಸೇರಿಸುತ್ತಾರೆ. ಒಲೆಯ ಮೇಲೆ ಇಡಬೇಡಿ. ತೆಳ್ಳಗೆ ಎರಡು ಮೂರು ಸಲ, ನಡುವೆ ಒಣಗಲು ದಿನಗಳನ್ನು ಬಿಟ್ಟು. ಕುಟ್ಟೆಯ ದುಂಬಿ ಮರದ ಸಣ್ಣ ರಂಧ್ರಗಳಲ್ಲಿ ಮೊಟ್ಟೆ ಇಡುತ್ತದೆ. ಎಣ್ಣೆ ಆ ರಂಧ್ರ ಮುಚ್ಚಿ ನಿಂತರೆ ಮೊಟ್ಟೆಗೆ ಜಾಗ ಇಲ್ಲ. ಆದರೆ ಹುಳ ಆಗಲೇ ಒಳಗಿದ್ದರೆ ಮೇಲಿನ ಎಣ್ಣೆ ಅದರ ಹತ್ತಿರ ಹೋಗುವುದೇ ಇಲ್ಲ. ಹಿಟ್ಟು ಉದುರಲು ಶುರುವಾದ ಮೇಲೆ ಬಂದು 'ಎಣ್ಣೆ ಹಚ್ಚಿ' ಅನ್ನುವವರಿಗೆ ನಾನು ಇದನ್ನೇ ಹೇಳುವುದು.

ಇದು ಚರ್ಮ ಸುಡುವ ಎಣ್ಣೆ ಅನ್ನುವುದನ್ನು ಮಾತ್ರ ಯಾರೂ ಹೇಳುವುದಿಲ್ಲ. ಗೇರುಬೀಜದ ಫ್ಯಾಕ್ಟರಿಗಳಲ್ಲಿ ಬೀಜ ಒಡೆಯುವ ಹೆಂಗಸರು ಕೈಗೆ ಬೂದಿಯೋ ಹರಳೆಣ್ಣೆಯೋ ಹಚ್ಚಿಕೊಂಡು ಕೂರುತ್ತಿದ್ದರು. ಅವರ ಬೆರಳು ನೋಡಿದವರಿಗೆ ಈ ಎಣ್ಣೆ ಏನು ಅಂತ ಗೊತ್ತು. ಗಿಡದ್ದು ಅಂದ ಮಾತ್ರಕ್ಕೆ ಕೈಗೆ ಹಿತ ಅಂತ ಅಲ್ಲ, ಅಲ್ವಾ? ರಬ್ಬರ್ ಕೈಗವಸು ಬೇಕು, ಉದ್ದ ತೋಳಿನ ಅಂಗಿ ಬೇಕು, ಮಾಡಿನ ಕೆಳಗೆ ನಿಂತು ಮೇಲಕ್ಕೆ ಹಚ್ಚುವಾಗ ಕಣ್ಣಿಗೆ ಕನ್ನಡಕ ಬೇಕು. ತೊಟ್ಟಿಲು, ಮಣೆ, ಅಡುಗೆ ಸಾಮಾನು ಇಡುವ ಹಲಗೆಗೆ ಇದು ಬೇಡವೇ ಬೇಡ. ಬಣ್ಣವೂ ಕಪ್ಪಾಗುತ್ತದೆ, ಮೇಲೆ ವಾರ್ನಿಶ್ ಸರಿಯಾಗಿ ಕೂರುವುದಿಲ್ಲ. ಇದು ಮಾಡಿನ ಎಣ್ಣೆ, ಕುರ್ಚಿಯ ಎಣ್ಣೆ ಅಲ್ಲ.

ಬೇರೆ ಎಣ್ಣೆಗಳ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಹೊಂಗೆ ಎಣ್ಣೆಯಲ್ಲೂ ಬೇವಿನೆಣ್ಣೆಯಲ್ಲೂ ಹುಳ ಹತ್ತಿರ ಬಾರದ ಗುಣ ಇದೆ. ಆದರೆ ಅವು ಒಣಗಿ ಪದರವಾಗುವ ಎಣ್ಣೆಗಳಲ್ಲ, ಜಿಗುಟು ಉಳಿದು ಧೂಳು ಹಿಡಿಯುತ್ತವೆ. ಕೊಟ್ಟಿಗೆ, ಸೌದೆ ಮನೆಗೆ ನಡೆದೀತು. ಅಗಸೆ ಎಣ್ಣೆ ಒಣಗುತ್ತದೆ, ನೋಡಲೂ ಚಂದ. ಹುಳಕ್ಕೆ ಅದರಿಂದ ಏನೂ ಆಗುವುದಿಲ್ಲ, ತೇವದ ಜಾಗದಲ್ಲಿ ಅದರ ಮೇಲೇ ಬೂಷ್ಟು ಬೆಳೆಯುತ್ತದೆ. ಇನ್ನೊಂದು: ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ. ಅದು ತಾನಾಗಿಯೇ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಬಿಡಿಸಿ ಹರಡಿ ಒಣಗಿಸಿ. ಅಡಿಕೆ ದಬ್ಬೆಯನ್ನೂ ಬಿದಿರನ್ನೂ ಕೆರೆಯಲ್ಲಿ ವಾರಗಟ್ಟಲೆ ಮುಳುಗಿಸಿಡುವ ನಮ್ಮ ಹಿರಿಯರ ಕ್ರಮ ಇದೆಯಲ್ಲ, ಅದು ಖರ್ಚಿಲ್ಲದ ಒಳ್ಳೆಯ ಕೆಲಸ. ಒಳಗಿನ ಪಿಷ್ಟ ಕರಗಿ ಹೋಗುತ್ತದೆ, ಕುಟ್ಟೆಗೆ ತಿನ್ನಲು ಏನೂ ಉಳಿಯುವುದಿಲ್ಲ. ಗೆದ್ದಲು ಮಾತ್ರ ಅದಕ್ಕೆ ಕ್ಯಾರೇ ಅನ್ನುವುದಿಲ್ಲ.

ಈಗ ನಿಜವಾದ ತಕರಾರಿಗೆ ಬರುತ್ತೇನೆ. ಪೇಟೆಯಲ್ಲಿ ಈಗ 'ಹರ್ಬಲ್', 'ಸಾವಯವ', 'ನೂರಕ್ಕೆ ನೂರು ನೈಸರ್ಗಿಕ' ಅಂತ ಹಸಿರು ಎಲೆ ಚಿತ್ರ ಹಾಕಿದ ಡಬ್ಬಿಗಳು ಬರುತ್ತಿವೆ. ಸಮುದ್ರದ ಹತ್ತಿರದ ಒಂದು ರೆಸಾರ್ಟ್‌ನವರು ಅಂಥ ಡಬ್ಬಿಗಳನ್ನು ತಾವೇ ತರಿಸಿ, ಬಯಲಿನಲ್ಲಿ ಕಟ್ಟಿಸಿದ ಮರದ ಜಗಲಿಗೆ ಹಚ್ಚಲು ಹೇಳಿದರು. ಯಾವ ಕಂಪನಿ ಅಂತ ಬೇಡ. ಡಬ್ಬಿಯ ಮೇಲೆ ಯಾವ ಗಿಡದ್ದು, ಎಷ್ಟಿದೆ ಅನ್ನುವುದು ಇರಲಿಲ್ಲ. 'ಹದಿನೈದು ವರ್ಷ ರಕ್ಷಣೆ' ಅಂತ ದೊಡ್ಡ ಅಕ್ಷರ ಇತ್ತು. ಮರ ಅಕೇಶಿಯಾ, ಕಾಲುಗಳು ನೇರ ಮರಳಿನಲ್ಲಿ. ಕಾಲಿನ ಕೆಳಗೆ ಕಲ್ಲು ಇಡಿ, ಇದು ನೆಲಕ್ಕೆ ಆಗುವ ಮದ್ದಲ್ಲ ಅಂತ ಹೇಳಿದೆ. ಕಲ್ಲು ಇಟ್ಟರೆ ಫೋಟೋದಲ್ಲಿ ಚಂದ ಕಾಣುವುದಿಲ್ಲವಂತೆ. ಎರಡನೇ ಮಳೆಗಾಲ ಮುಗಿಯುವ ಮೊದಲೇ ಕಾಲುಗಳು ಬುಡದಲ್ಲಿ ಕುಂಬಾದವು. ಕಂಪನಿಯವರಿಗೆ ಫೋನ್ ಮಾಡಿದರೆ 'ಹಚ್ಚಿದವರು ಸರಿಯಾಗಿ ಹಚ್ಚಿಲ್ಲ' ಅಂದರು. ಇಂಥ ಕಡೆ ಬೈಗುಳ ಕೊನೆಗೆ ಬರುವುದು ಮರಗೆಲಸದವನ ತಲೆಗೇ.

ನೆಲಕ್ಕೆ ಹೂಳುವ ಮರಕ್ಕೆ ಗಿಡದ ಎಣ್ಣೆ ಸಾಲದು ಅನ್ನುವುದು ನನ್ನೊಬ್ಬನ ಮಾತಲ್ಲ. ಬೆಂಗಳೂರಿನ ಮಲ್ಲೇಶ್ವರದಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಇದೆ. 1938ರಲ್ಲಿ ಮೈಸೂರು ಸಂಸ್ಥಾನ ಶುರು ಮಾಡಿದ ಅರಣ್ಯ ಪ್ರಯೋಗಾಲಯವೇ ಈಗಿನ ಆ ಸಂಸ್ಥೆ. ಅಲ್ಲಿಯವರು ಗೇರುಬೀಜದ ಎಣ್ಣೆಗೂ ಬೇವಿನೆಣ್ಣೆಗೂ ತಾಮ್ರ ಸೇರಿಸಿ ಪರೀಕ್ಷೆ ಮಾಡಿದ್ದಾರೆ. ಬರೀ ಎಣ್ಣೆಯೇ ಎಲ್ಲ ಕಡೆಗೂ ಸಾಕಾಗಿದ್ದರೆ ತಾಮ್ರ ಸೇರಿಸುವ ತೊಂದರೆ ಯಾಕೆ ತೆಗೆದುಕೊಳ್ಳುತ್ತಿದ್ದರು? ಮರದ ಮದ್ದನ್ನು ಪರೀಕ್ಷಿಸುವ ಕ್ರಮವೂ ಸರಳ. ಗೆದ್ದಲು ಇರುವ ನೆಲದಲ್ಲಿ ಮದ್ದು ಹಚ್ಚಿದ ಗೂಟ, ಹಚ್ಚದ ಗೂಟ ಎರಡನ್ನೂ ಪಕ್ಕಪಕ್ಕದಲ್ಲಿ ಅರ್ಧ ಹೂಳುತ್ತಾರೆ. ಆಗಾಗ ಕಿತ್ತು ಎಷ್ಟು ತಿಂದಿದೆ ಅಂತ ನೋಡಿ ಬರೆದಿಡುತ್ತಾರೆ. ಹದಿನೈದು ವರ್ಷ ಅಂತ ಡಬ್ಬಿಯ ಮೇಲೆ ಹಾಕುವವರು ಅಂಥ ಗೂಟ ಎಲ್ಲಿ ಹೂಳಿದ್ದಾರೆ, ತೋರಿಸಲಿ. ಬೇಲಿಗೆ ಗೂಟ ಬೇಕಾದವರು ಹಾಲುವಾಣವೋ ಗೊಬ್ಬರದ ಗಿಡವೋ ನೆಡುವುದು ವಾಸಿ. ಕೊಂಬೆ ನೆಟ್ಟರೆ ಚಿಗುರುತ್ತದೆ, ತಂತಿಯನ್ನು ಅದಕ್ಕೇ ಕಟ್ಟಬಹುದು.

ಹಾಗಾದರೆ ಇವನು ರಾಸಾಯನಿಕದ ಪರ ಅಂತ ಯಾರೂ ತಿಳಿಯಬಾರದು. ಮರಕ್ಕೆ ಹಾಕುವ ರಾಸಾಯನಿಕಗಳಲ್ಲಿ ಜಗತ್ತಿನಲ್ಲೆಲ್ಲ ಹೆಸರು ಮಾಡಿದ್ದು ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಸೇರಿಸಿದ ಸಿಸಿಎ. ಅದನ್ನು 1933ರಲ್ಲಿ ಕಂಡುಹಿಡಿದವರು ನಮ್ಮವರೇ, ಡೆಹ್ರಾಡೂನ್‌ನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿದ್ದ ಸೊಂಟಿ ಕಾಮೇಶಂ. ಅದನ್ನು ಹಾಕಿದ ಕಂಬ ನೆಲದಲ್ಲಿ ದಶಕಗಟ್ಟಲೆ ನಿಲ್ಲುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆರ್ಸೆನಿಕ್ ಅಂದರೆ ಪಾಷಾಣ. ಅಮೆರಿಕದಲ್ಲಿ 2003ರ ಕೊನೆಗೆ ಮನೆ ಬಳಕೆಯ ಮರಕ್ಕೆ ಅದನ್ನು ಹಾಕುವುದನ್ನು ನಿಲ್ಲಿಸಿದರು. ನಮ್ಮ ಊರಿನಲ್ಲಿ ಏನಾಗುತ್ತದೆ ನೋಡಿ. ಕೆಲಸ ಮುಗಿದ ಮೇಲೆ ಉಳಿದ ತುಂಡುಗಳೆಲ್ಲ ಬಚ್ಚಲ ಒಲೆಗೆ ಹೋಗುತ್ತವೆ. ಹೊಟ್ಟು ಕೊಟ್ಟಿಗೆಗೆ, ಬೂದಿ ತೆಂಗಿನ ಬುಡಕ್ಕೆ. ಸಿಸಿಎ ಹಾಕಿದ ಹಸಿರು ಛಾಯೆಯ ತುಂಡು ಕಂಡರೆ ಸುಡಬೇಡಿ ಅಂತ ಹೇಳುವವರು ಯಾರೂ ಇಲ್ಲ. ಕರಾವಳಿಯ ಗೇರು ತೋಟಗಳ ಮೇಲೆ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದದ್ದನ್ನು ಕಂಡವರು ನಾವು. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಡೆಯುವ ಹೊತ್ತಿಗೆ ಎಷ್ಟೋ ಮನೆಗಳಿಗೆ ತಡವಾಗಿತ್ತು. ಹಾಗಾಗಿ ಜನ ಗಿಡದ ಮದ್ದು ಕೇಳುವುದು ನ್ಯಾಯವೇ. ಆ ನಂಬಿಕೆಯನ್ನು ದುಡ್ಡು ಮಾಡಿಕೊಳ್ಳುವುದು ಮಾತ್ರ ನ್ಯಾಯ ಅಲ್ಲ. ಒಂದು ಮಾತು ಸೇರಿಸುತ್ತೇನೆ, ಇದು ಗಿಡದ್ದಲ್ಲ: ರಬ್ಬರ್ ಮರದ ಮಂಚ, ಕಪಾಟಿಗೆ ಬೋರಾಕ್ಸ್, ಬೋರಿಕ್ ಆಮ್ಲದ ನೀರಿನಲ್ಲಿ ನೆನೆಸಿ ಒಣಗಿಸಿದ ಹಲಗೆಯೇ ಒಳ್ಳೆಯದು. ಅದು ಮರದ ಒಳಗೆ ಹೋಗುತ್ತದೆ, ಕುಟ್ಟೆಗೆ ನಾನು ನೋಡಿದ ಯಾವ ಎಣ್ಣೆಗಿಂತಲೂ ಮೇಲು. ಮಳೆ ತಾಗಿದರೆ ತೊಳೆದು ಹೋಗುತ್ತದೆ, ಹಾಗಾಗಿ ಮನೆಯೊಳಗೆ ಮಾತ್ರ.

ದೋಣಿಯವರ ಕ್ರಮ ನೋಡಿದರೆ ನಾನು ಹೇಳುವುದು ಅರ್ಥವಾಗುತ್ತದೆ. ಫೈಬರ್ ದೋಣಿ ಬರುವ ಮೊದಲು ಮಳೆಗಾಲದಲ್ಲಿ ನಾಡದೋಣಿಗಳನ್ನು ದಡಕ್ಕೆ ಎಳೆದು ಹಾಕುತ್ತಿದ್ದರು. ಒಣಗಿಸಿ, ಕೆರೆದು, ಸಂದಿಗೆ ರಾಳ ಕಾಯಿಸಿದ ಎಣ್ಣೆ ತುಂಬಿ, ಮೈಗೆಲ್ಲ ಗೇರುಬೀಜದ ಎಣ್ಣೆಯೋ ಬೂತಾಯಿ ಮೀನಿನ ಎಣ್ಣೆಯೋ ಹಚ್ಚುತ್ತಿದ್ದರು. ಮರುವರ್ಷ ಮತ್ತೆ ಅದೇ. ಮಾಡಿಗೆ ಸೋಗೆ ಹೊದೆಸುವ ಹಾಗೆ ಅದು ವರ್ಷದ ಕೆಲಸ. ಒಂದು ಸಲ ಹಚ್ಚಿದರೆ ಹದಿನೈದು ವರ್ಷ ಅಂತ ನನ್ನ ತಂದೆಯ ಹತ್ತಿರ ಯಾರಾದರೂ ಹೇಳಿದ್ದರೆ ಅವರು ನಕ್ಕು ಎಲೆಯಡಿಕೆ ಕೊಡುತ್ತಿದ್ದರು ಅಷ್ಟೇ. ಹಂಚಿನ ಕೆಳಗೆ ನೀರು ತಾಗದ ಪಕಾಸಿಗೆ ವರ್ಷವರ್ಷ ಬೇಡ. ಕೆಲವು ವರ್ಷಕ್ಕೊಮ್ಮೆ ಹಂಚು ಕೈಯಾಡಿಸುವಾಗ ನೋಡಿ, ಒಣಗಿ ಬೆಳ್ಳಗಾದ ಕಡೆ ಮತ್ತೆ ಹಚ್ಚಿದರೆ ಸಾಕು. ಹಾಗೆ ಹತ್ತಿ ನೋಡುವ ಅಭ್ಯಾಸವೇ ಈಗ ಮನೆಗಳಲ್ಲಿ ಇಲ್ಲ. ಎಲ್ಲರಿಗೂ ಒಮ್ಮೆ ಹಚ್ಚಿ ಮರೆಯುವಂಥದ್ದು ಬೇಕು.

ನನ್ನ ಕೋರಿಕೆ ಇಷ್ಟು. ಗಿಡದ ಮದ್ದು ಅಂತ ಮಾರುವವರು ಡಬ್ಬಿಯ ಮೇಲೆ ಯಾವ ಎಣ್ಣೆ, ಎಷ್ಟು, ಎಲ್ಲಿಗೆ ಹಚ್ಚಬಾರದು, ಮತ್ತೆ ಯಾವಾಗ ಹಚ್ಚಬೇಕು, ಚರ್ಮ ಸುಡುತ್ತದೆಯೇ ಅನ್ನುವುದನ್ನು ಕನ್ನಡದಲ್ಲಿ ಬರೆಯಬೇಕು. ಗೇರುಬೀಜದ ಎಣ್ಣೆಯಲ್ಲೂ ಕಾಯಿಸಿದ್ದು ಬೇರೆ, ಕಾಯಿಸದೆ ತೆಗೆದದ್ದು ಬೇರೆ. ಜಾಸ್ತಿ ಕಾಯಿಸಿದರೆ ಅನಾಕಾರ್ಡಿಕ್ ಆಮ್ಲ ಕಾರ್ಡನಾಲ್ ಆಗುತ್ತದೆ. ಯಾವುದು ಅಂತ ಹೇಳದಿದ್ದರೆ ನಾವು ಹೇಗೆ ತಿಳಿಯುವುದು? ಐಟಿಐಗಳಲ್ಲಿ ಮರಗೆಲಸ ಕಲಿಸುವವರು ಪ್ಲೈವುಡ್, ಲ್ಯಾಮಿನೇಟ್ ಜೊತೆ ಇದಕ್ಕೂ ಒಂದು ದಿನ ಕೊಡಬೇಕು.

ಇನ್ನೊಂದು ಕೆಲಸ ನಿಮ್ಮ ಪತ್ರಿಕೆಯಿಂದಲೇ ಆಗಬಹುದು. ಕುಂದಾಪುರ, ಕಾರ್ಕಳ, ಮಂಗಳೂರು ಸುತ್ತ ಇಷ್ಟು ಗೇರುಬೀಜದ ಫ್ಯಾಕ್ಟರಿಗಳಿವೆ. ಸಿಪ್ಪೆಯ ಎಣ್ಣೆ ಬ್ಯಾರಲ್ ಲೆಕ್ಕದಲ್ಲಿ ಪೇಂಟ್, ಬ್ರೇಕ್ ಲೈನಿಂಗ್ ಮಾಡುವವರಿಗೆ ಹೋಗುತ್ತದೆ, ಇಲ್ಲವೇ ಬಾಯ್ಲರ್‌ನಲ್ಲಿ ಉರಿಯುತ್ತದೆ. ಐದು ಲೀಟರ್ ಬೇಕು ಅಂತ ಹೋದ ಮರಗೆಲಸದವನಿಗೆ ಪರಿಚಯದವರು ಇದ್ದರೆ ಮಾತ್ರ ಹಳೆ ಪೇಂಟ್ ಡಬ್ಬಿಯಲ್ಲಿ ತುಂಬಿ ಕೊಡುತ್ತಾರೆ. ಅದರಲ್ಲಿ ಮಡ್ಡಿ ಎಷ್ಟು, ಎಣ್ಣೆ ಎಷ್ಟು ಅಂತ ಲೆಕ್ಕ ಇಲ್ಲ. ಸೋಸಿ, ಸಣ್ಣ ಕ್ಯಾನ್‌ನಲ್ಲಿ, ಎಚ್ಚರಿಕೆಯ ಚೀಟಿ ಅಂಟಿಸಿ ಮಾರಲು ಅವರಿಗೆ ಏನು ಅಡ್ಡಿ ಅಂತ ನಿಮ್ಮ ವರದಿಗಾರರು ಹೋಗಿ ಕೇಳಿ ಬರೆಯಲಿ. ಮರ ಒಣಗಿ ಮಾಡಿನ ಕೆಲಸ ಶುರುವಾಗುವುದು ಡಿಸೆಂಬರ್ ಮೇಲೆ. ಅಷ್ಟರೊಳಗೆ ಉತ್ತರ ಬಂದರೆ ಈ ವರ್ಷದ ಕೆಲಸಕ್ಕೇ ಉಪಯೋಗಕ್ಕೆ ಬರುತ್ತದೆ.

ಇಂತಿ,
ಒಬ್ಬ ಮರಗೆಲಸದವ
ಕುಂದಾಪುರ ತಾಲ್ಲೂಕು